ಕಲ್ಲಿಗೆ ಹಾಕಿದ ಹೊಲಿಗೆ

ಕೋಪನ್‌ಹೇಗನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಒಂದು ಕಠಾರಿ ಇದೆ. ಉದ್ದ 29.5 ಸೆಂ.ಮೀ. ಅಲಗಿನ ದಪ್ಪ 1 ಸೆಂ.ಮೀ.ಗಿಂತಲೂ ಕಡಿಮೆ. ಹಿಡಿಯಿಂದ ಮೊನೆಯವರೆಗೆ ಇಡಿಯಾಗಿ ಒಂದೇ ಚಕಮಕಿ ಕಲ್ಲು. ಫೇನೋ ಎಂಬ ಪುಟ್ಟ ನಡುಗಡ್ಡೆಯಲ್ಲಿ ಸಿಕ್ಕಿದ್ದು. ಆ ನೆಲ ಹಿಂಡ್ಸ್‌ಗೌಲ್ ಎಸ್ಟೇಟಿಗೆ ಸೇರಿದ್ದರಿಂದ ಹಿಂಡ್ಸ್‌ಗೌಲ್ ಕಠಾರಿ ಎಂದೇ ಹೆಸರಾಯಿತು. ಕ್ರಿ.ಪೂ. 1900ರಿಂದ 1700ರ ನಡುವೆ ಯಾರೋ ಇದನ್ನು ಮಾಡಿದರು. ಡೆನ್ಮಾರ್ಕಿನ 100 ಕ್ರೋನರ್ ನೋಟಿನ ಮೇಲೆ ಇದರ ಚಿತ್ರವಿದೆ. ಜೇಬಿನಲ್ಲಿ ಆ ನೋಟು ಇಟ್ಟುಕೊಂಡೇ ನಾನು ಒಳಗೆ ಹೋಗಿದ್ದೆ. ಆದರೆ ನೋಟಿನ ಚಿತ್ರಕ್ಕೂ ಈ ವಸ್ತುವಿಗೂ ಎಲ್ಲಿಯ ಹೋಲಿಕೆ!

ಅಲಗಿನ ಎರಡೂ ಮೈಯಲ್ಲಿ ಸಣ್ಣ ಸಣ್ಣ ಚಕ್ಕೆ ಎದ್ದ ಗುರುತುಗಳು ಒಂದರ ಪಕ್ಕ ಒಂದು ಕೂತಿವೆ. ಗಾಳಿ ಸವರಿದ ಕೆರೆಯ ನೀರಿನಂತೆ ಕಲ್ಲು ಅಲೆಅಲೆಯಾಗಿದೆ. ಹಿಡಿ ಕೆಳಗೆ ಬರುತ್ತ ಮೀನಿನ ಬಾಲದಂತೆ ಅಗಲವಾಗುತ್ತದೆ. ನಾನು ಬಗ್ಗಿ ಗಾಜಿಗೆ ಮೂಗು ತಾಗಿಸಿ ನೋಡಿದ್ದು ಆ ಹಿಡಿಯನ್ನು. ಅದರ ಏಣಿನ ಉದ್ದಕ್ಕೂ ಅಂಕುಡೊಂಕಾದ ಒಂದು ಸಣ್ಣ ಗೆರೆ ಹರಿದಿದೆ. ತೊಗಲನ್ನು ಸುತ್ತಿ ದಾರ ಹಾಕಿ ಹೊಲಿದ ಹಾಗೆ. ಹೊಲಿಗೆಯೇ ಅದು, ಕಲ್ಲಿನಲ್ಲಿ ಹಾಕಿದ್ದು. ಒಂದೊಂದು ಹೊಲಿಗೆಗೂ ಕೂದಲೆಳೆಯಷ್ಟು ಲೆಕ್ಕ ತಪ್ಪದಂತೆ ಒಂದೊಂದು ಚಕ್ಕೆ ಎಬ್ಬಿಸಿದ್ದಾರೆ.

ಯಾಕೆ ಹೀಗೆ? ಆ ಹೊತ್ತಿಗೆ ಮಧ್ಯ ಯುರೋಪಿನಲ್ಲಿ ಲೋಹದ ಕಠಾರಿಗಳು ಬಂದಾಗಿದ್ದವು. ಡೆನ್ಮಾರ್ಕಿನವರಿಗೆ ತಾಮ್ರವೂ ತವರವೂ ದೂರದಿಂದಲೇ ಬರಬೇಕಿತ್ತು. ತಮ್ಮ ನೆಲದಲ್ಲಿ ಹೇರಳವಾಗಿದ್ದದ್ದು ಚಕಮಕಿ ಕಲ್ಲು. ಲೋಹದ ಕಠಾರಿಯ ರೂಪವನ್ನು, ಅದರ ಹಿಡಿಗೆ ಸುತ್ತಿದ ತೊಗಲಿನ ಹೊಲಿಗೆಯ ಸಮೇತ ಅವರು ಕಲ್ಲಿಗೆ ಇಳಿಸಿದರು ಎಂದು ವಿದ್ವಾಂಸರು ವಿವರಿಸುತ್ತಾರೆ. ಅನುಕರಣೆ ಎಂದರೆ ಕಡಿಮೆ ದರ್ಜೆಯದು ಎಂದು ನಾವು ಸುಲಭವಾಗಿ ತೀರ್ಮಾನಿಸುತ್ತೇವೆ. ಇದರ ಮುಂದೆ ನಿಂತಾಗ ಆ ತೀರ್ಮಾನ ನಿಲ್ಲುವುದಿಲ್ಲ. ಕಂಚನ್ನು ಕರಗಿಸಿ ಅಚ್ಚಿಗೆ ಹೊಯ್ಯಬಹುದು, ಕೆಟ್ಟರೆ ಮತ್ತೆ ಕರಗಿಸಬಹುದು. ಕಲ್ಲಿಗೆ ಎರಡನೆಯ ಅವಕಾಶವಿಲ್ಲ.

ಆ ಕಲ್ಲು ಹುಟ್ಟುವ ಜಾಗವನ್ನು ನೋಡಲೇಬೇಕೆನಿಸಿ ಮೋನ್ ದ್ವೀಪಕ್ಕೆ ಹೋದೆ. ಬೀಚ್ ಮರಗಳ ಕಾಡು ಮುಗಿದ ಕೂಡಲೇ ನೆಲ ಕಡಿದುಬಿದ್ದು, ಬೆಳ್ಳಗೆ ಹೊಳೆಯುವ ಸೀಮೆಸುಣ್ಣದ ಬಂಡೆಗೋಡೆ ನೇರವಾಗಿ ಬಾಲ್ಟಿಕ್ ಸಮುದ್ರಕ್ಕೆ ಇಳಿಯುತ್ತದೆ. ಅತಿ ಎತ್ತರದ ಜಾಗದಲ್ಲಿ 128 ಮೀಟರ್. ಮರದ ಮೆಟ್ಟಿಲು ಇಳಿದು ದಡದಲ್ಲಿ ನಿಂತು ತಲೆಯೆತ್ತಿದರೆ ಆ ಬಿಳುಪಿನ ನಡುವೆ ಕಪ್ಪು ಗಂಟುಗಳ ಸಾಲುಗಳು. ಅವೇ ಚಕಮಕಿ. ಸುಮಾರು ಏಳು ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚನೆಯ ಸಮುದ್ರವಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಸುಣ್ಣದ ಚಿಪ್ಪುಗಳು ತಳದಲ್ಲಿ ಕೂಡುತ್ತ ಕೂಡುತ್ತ ಸೀಮೆಸುಣ್ಣವಾದವು. ಸ್ಪಂಜು ಪ್ರಾಣಿಗಳ ಮೈಯಲ್ಲಿದ್ದ ಸಿಲಿಕಾ ಕರಗಿ, ಸಮುದ್ರತಳದ ಹುಳಹುಪ್ಪಟೆಗಳು ಕೊರೆದ ಬಿಲಗಳಲ್ಲಿ ಮತ್ತೆ ಗಟ್ಟಿಯಾಗಿ ಚಕಮಕಿಯಾಯಿತು. ಅದಕ್ಕೇ ಈ ಗಂಟುಗಳಿಗೆ ಅಂಥ ವಿಚಿತ್ರ ಆಕಾರ: ಕೆಲವಕ್ಕೆ ಬೆರಳು, ಕೆಲವಕ್ಕೆ ಕೊಂಬು, ಕೆಲವಕ್ಕೆ ನಡುವೆ ತೂತು.

ದಡದಲ್ಲಿ ಒಡೆದು ಬಿದ್ದಿದ್ದ ಒಂದನ್ನು ಎತ್ತಿಕೊಂಡೆ. ಹೊರಗೆ ಒರಟಾದ ಬಿಳಿ ಸಿಪ್ಪೆ, ಒಳಗೆ ಗಾಜಿನಂಥ ಕಪ್ಪು. ತೆಳುವಾದ ಅಂಚನ್ನು ಬಿಸಿಲಿಗೆ ಹಿಡಿದರೆ ಬೆಳಕು ಹಾದು ಕಂದುಬಣ್ಣ ಕಾಣುತ್ತದೆ. ಆ ಅಂಚು ಹೆಬ್ಬೆರಳಿಗೆ ಎಷ್ಟು ಮೆಲ್ಲಗೆ ತಾಗಿತೋ ಅಷ್ಟೇ ಮೆಲ್ಲಗೆ ಚರ್ಮ ಸೀಳಿತ್ತು. ನೋವು ಗೊತ್ತಾಗಿದ್ದು ರಕ್ತ ಕಂಡ ಮೇಲೆ.

ರೋಸ್ಕಿಲ್ಡ್ ಊರಿನ ಹತ್ತಿರ ಲೈರೆಯಲ್ಲಿ 1964ರಲ್ಲಿ ಶುರುವಾದ ಒಂದು ಪ್ರಯೋಗಕೇಂದ್ರವಿದೆ. ಹಳೆಯ ಕಾಲದ ಮನೆ, ಬೇಸಾಯ, ಕಸುಬುಗಳನ್ನು ಅಲ್ಲಿ ಮಾಡಿಯೇ ಅರಿಯುತ್ತಾರೆ. ಕಲ್ಲಿನ ಕೆಲಸ ಬಲ್ಲವರೊಬ್ಬರು ತೊಡೆಯ ಮೇಲೆ ದಪ್ಪ ತೊಗಲು ಹಾಸಿಕೊಂಡು ಕೂತಿದ್ದರು. ಮೊದಲು ಗುಂಡುಕಲ್ಲಿನಿಂದ ದೊಡ್ಡ ಚಕ್ಕೆ, ಆಮೇಲೆ ಸಾರಂಗದ ಕೊಂಬಿನಿಂದ ತೆಳುವಾದ ಚಕ್ಕೆ. ಪ್ರತಿ ಏಟಿಗೆ ಮೊದಲು ಅವರು ಅಂಚನ್ನು ಉಜ್ಜುತ್ತಿದ್ದರು, ಕೋನ ನೋಡುತ್ತಿದ್ದರು, ಉಗುರಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಒಳಗೆ ಬಿರುಕಿದ್ದರೆ ನಾದ ಮಂಕಾಗುತ್ತದಂತೆ. ಏಟಿಗಿಂತ ತಯಾರಿಗೇ ಹೆಚ್ಚು ಸಮಯ. ಕೊನೆಯ ಹಂತ ಏಟಿನದಲ್ಲ, ಒತ್ತುವುದು: ಮೊನಚಾದ ಸಾಧನವನ್ನು ಅಂಚಿಗೆ ಅದುಮಿ ಅದುಮಿ ಎಳೆಯಂಥ ಚಕ್ಕೆ ಎಬ್ಬಿಸುವುದು. ಅಮೆರಿಕದ ಎರೆಟ್ ಕ್ಯಾಲಹನ್ ಇಂಥ ಕಠಾರಿಗಳ ತಯಾರಿಕೆಯನ್ನು ತಾನೇ ಮಾಡಿ ಅಭ್ಯಾಸ ಮಾಡಿದವರು. ಸ್ವೀಡನ್ನಿನ ಯಾನ್ ಆಪೆಲ್ 2001ರ ತಮ್ಮ ಪ್ರಬಂಧದಲ್ಲಿ, ಈ ವಿದ್ಯೆ ಒಬ್ಬರು ತಮ್ಮಷ್ಟಕ್ಕೆ ಕಲಿಯುವಂಥದಲ್ಲ, ತಲೆಮಾರಿನಿಂದ ತಲೆಮಾರಿಗೆ ಕೂತು ಕಲಿಸಿದ್ದು ಎಂದು ವಾದಿಸಿದ್ದಾರೆ. ಹತ್ತು ನಿಮಿಷ ಆ ಕೈಗಳನ್ನು ನೋಡಿದವರು ಒಪ್ಪಿಯೇ ಒಪ್ಪುತ್ತಾರೆ.

ಈಗ ಕೂಡಿಡುವವರ ಮಾತು. ನೇಗಿಲಿಗೆ ಸಿಕ್ಕ ಕಲ್ಲುಗೊಡಲಿಗಳನ್ನು ಡೆನ್ಮಾರ್ಕಿನ ರೈತರು ಸಿಡಿಲಿನ ಜೊತೆ ಬಿದ್ದವು ಎಂದು ನಂಬಿ, ಮನೆಗೆ ಸಿಡಿಲು ಬಡಿಯದಿರಲೆಂದು ಒಳಗೆ ಇಟ್ಟುಕೊಳ್ಳುತ್ತಿದ್ದರು. 1807ರಲ್ಲಿ ಪ್ರಾಚೀನ ವಸ್ತುಗಳಿಗಾಗಿ ಒಂದು ರಾಜ ಆಯೋಗ ಹುಟ್ಟಿತು. 1816ರಲ್ಲಿ ಅದರ ಕಾರ್ಯದರ್ಶಿಯಾದ ಕ್ರಿಸ್ಟಿಯನ್ ಯುರ್ಗೆನ್‌ಸನ್ ಥಾಮ್ಸನ್ ವ್ಯಾಪಾರಿಯ ಮಗ, ನಾಣ್ಯ ಸಂಗ್ರಹದಲ್ಲಿ ಪಳಗಿದವರು. 1819ರಲ್ಲಿ ಒಂದು ಚರ್ಚಿನ ಅಟ್ಟದಲ್ಲಿ ಸಂಗ್ರಹವನ್ನು ಜನರಿಗೆ ತೆರೆದರು. ತಾವೇ ನಿಂತು ವಿವರಿಸುತ್ತಿದ್ದರು, ಅದರಲ್ಲೂ ರೈತರಿಗೆ. ವಸ್ತುಗಳು ಸಿಗುವುದು ಅವರ ಹೊಲದಲ್ಲೇ ತಾನೆ? ಕಲ್ಲು, ಕಂಚು, ಕಬ್ಬಿಣ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತ ಮೂರು ಯುಗಗಳ ವಿಂಗಡಣೆಯನ್ನು 1836ರ ಕೈಪಿಡಿಯಲ್ಲಿ ಪ್ರಕಟಿಸಿದವರು ಇವರೇ.

ಅವರಿಗೆ ಅದು ಸಾಧ್ಯವಾದದ್ದು ಹೇಗೆ ಎಂಬುದು ನನಗೆ ಕಠಾರಿಯಷ್ಟೇ ದೊಡ್ಡ ಅಚ್ಚರಿ. ಯಾವುದು ಯಾವುದರ ಜೊತೆ ಸಿಕ್ಕಿತು ಎಂಬುದಕ್ಕೆ ಅವರು ಬೆಲೆ ಕೊಟ್ಟರು. ಒಂದೇ ಸಮಾಧಿಯಲ್ಲಿ ಸಿಕ್ಕ ವಸ್ತುಗಳನ್ನು ಒಟ್ಟಿಗೆ ಪರಿಶೀಲಿಸಿದರು. ಚಂದದ ಕಠಾರಿಯನ್ನು ಆರಿಸಿಕೊಂಡು ಪಕ್ಕದ ಮಡಕೆಯ ಚೂರನ್ನು ಎಸೆದಿದ್ದರೆ ಆ ಯುಗಗಳ ಲೆಕ್ಕ ಸಿಗುತ್ತಲೇ ಇರಲಿಲ್ಲ. ಸಿಕ್ಕ ಜಾಗದ ವಿವರ ಕಳೆದುಹೋದರೆ ಎಷ್ಟೇ ಸುಂದರ ಕಠಾರಿಯೂ ಅಲಂಕಾರದ ಕಲ್ಲಾಗಿಯೇ ಉಳಿಯುತ್ತದೆ.

ನಮ್ಮಲ್ಲೂ ಇದೇ ಪಾಠವನ್ನು ಪಾಲಿಸಿದ ಒಬ್ಬರಿದ್ದರು. ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತವನ್ನೆಲ್ಲ ಸುತ್ತಿ ಕಲೆಹಾಕಿದ ಶಿಲಾಯುಧಗಳಿಗೆ ಊರು, ಗುಡ್ಡಗಳ ಹೆಸರು ಬರೆದಿಟ್ಟರು. ಆ ಸಂಗ್ರಹ ಇಂದು ಚೆನ್ನೈ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಬಳ್ಳಾರಿಯ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕರಿಕಲ್ಲಿನಿಂದ ಕೊಡಲಿ ಮಾಡಿದ ಕಾರ್ಖಾನೆಯೇ ಇತ್ತು. ಚಕ್ಕೆಗಳು ಈಗಲೂ ಕಾಲಿಗೆ ಸಿಗುತ್ತವೆ. ಕಲ್ಲುಗಣಿಗಾರಿಕೆ ಆ ಗುಡ್ಡಗಳನ್ನು ತಿಂದಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ರಾಯಚೂರು, ಯಾದಗಿರಿ, ಬಳ್ಳಾರಿ ಕಡೆಯ ಓದುಗರಿಗೆ ಒಂದು ಮಾತು. ಹೊಲದಲ್ಲೋ ಗುಡ್ಡದಲ್ಲೋ ನಯಗೊಳಿಸಿದ ಕಲ್ಲುಗೊಡಲಿ, ಸಾಲಾಗಿ ಚಕ್ಕೆ ಎದ್ದ ಕಲ್ಲು ಕಂಡರೆ ಎತ್ತಿಕೊಂಡು ಹೋಗಬೇಡಿ, ಯಾರಿಗೂ ಮಾರಬೇಡಿ. ಇದ್ದಲ್ಲೇ ಫೋಟೊ ತೆಗೆಯಿರಿ, ಊರಿನ ಹೆಸರು ಮತ್ತು ಸರ್ವೆ ನಂಬರ್ ಬರೆದುಕೊಳ್ಳಿ, ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ.