ಊಟಿ ಕೆರೆಗೂ ಏರಿ ಇದೆ

ಊಟಿ ಕೆರೆ ತಾನಾಗಿ ಆದದ್ದೆಂದು ಬಹಳ ಜನ ತಿಳಿದಿದ್ದಾರೆ. ಅದು ಕಟ್ಟಿದ ಕೆರೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್, 1823-25ರಲ್ಲಿ ಬೆಟ್ಟದ ಹಳ್ಳಗಳಿಗೆ ಮಣ್ಣಿನ ಏರಿ ಹಾಕಿಸಿ ನೀರು ನಿಲ್ಲಿಸಿದ. ಮುಂದೆ ಆ ಏರಿ ಮೂರು ಸಲ ಒಡೆದು ಕೆರೆ ಬರಿದಾದದ್ದೂ ಉಂಟು.

ತಾಳವಾಡಿ ಕಡೆಯ ನಮ್ಮ ಕನ್ನಡ ಶಾಲೆಗಳ ಮಕ್ಕಳಿಗೆ ಪ್ರವಾಸವೆಂದರೆ ಊಟಿ. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ದಾಟಿ ಹೋಗುತ್ತೇವೆ. ಒಮ್ಮೆ ದೋಣಿ ಇಳಿದ ಮೇಲೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾ, ಇದ್ರ ತೂಬು ಎಲ್ಲದ? ಯಾರ ಜಮೀನ್ಗ ನೀರು ಹೋಯ್ತದ?"

ಒಳ್ಳೆಯ ಪ್ರಶ್ನೆ! ಈ ಕೆರೆಯನ್ನು ಬೇಸಾಯಕ್ಕೆಂದು ಕಟ್ಟಲಿಲ್ಲ. ಮೊದಲು ಮೀನು ಹಿಡಿಯಲು, ಆಚೆ ದಡಕ್ಕೆ ದೋಣಿಯಲ್ಲಿ ದಾಟಲು ಇತ್ತು. 1973ರಲ್ಲಿ ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ವಹಿಸಿಕೊಂಡ ಮೇಲೆ ದೋಣಿವಿಹಾರವೇ ಅದರ ಕೆಲಸವಾಯಿತು.

ಅಚ್ಚುಕಟ್ಟು ಇರುವ ಕೆರೆಯಲ್ಲಿ ನೀರು ಒಂದು ಗೇಣು ಇಳಿದರೂ ರೈತನಿಗೆ ಗೊತ್ತಾಗುತ್ತದೆ. ನೋಡಲು ಬಂದವರಿಗೆ ಏನು ಗೊತ್ತಾಗಬೇಕು? ಕೆರೆ ಚಿಕ್ಕದಾಗುತ್ತಾ ಬಂತು. ನೀರಿದ್ದ ಜಾಗದಲ್ಲಿ ಬಸ್ ನಿಲ್ದಾಣ, ರೇಸ್ ಮೈದಾನ ಎದ್ದವು. ಊರಿನ ಕೊಳಚೆ ಕೋಡಪ್ಪಮಂದು ಕಾಲುವೆ ಹಿಡಿದು ಕೆರೆಗೇ ಬಂದು ಸೇರುತ್ತಾ ಬಂದಿದೆ.

ಶಿಕ್ಷಕ ಮಿತ್ರರಲ್ಲಿ ಒಂದು ಮಾತು. ಪ್ರವಾಸಕ್ಕೆ ಮುಂಚೆ ಮಕ್ಕಳನ್ನು ನಿಮ್ಮೂರ ಕೆರೆಗೆ ಕರೆದೊಯ್ಯಿರಿ. ಏರಿ, ತೂಬು, ಕೋಡಿ ತೋರಿಸಿ. ಈ ಮೂರು ಕನ್ನಡ ಪದ ಗೊತ್ತಿದ್ದ ಮಗು ಯಾವ ರಾಜ್ಯದ ಕೆರೆಯ ಮುಂದೆ ನಿಂತರೂ ಅದರ ಕಷ್ಟ ವಿಚಾರಿಸುತ್ತದೆ. ಏನಂತೀರಿ?