ವಾಸಿಯಾದದ್ದರ ಯಶಸ್ಸು ಯಾರ ಲೆಕ್ಕಕ್ಕೆ?

ಸೊಂಟ ಹಿಡಿದುಕೊಂಡು ಮಲಗಿದ ಮನುಷ್ಯ ಎದ್ದು ನಡೆದಾಡತೊಡಗಿದ ಕೂಡಲೇ ಆ ಯಶಸ್ಸಿಗೆ ಹಕ್ಕುದಾರರು ಹಲವರು ಹುಟ್ಟಿಕೊಳ್ಳುತ್ತಾರೆ. ಎಣ್ಣೆ ಹಚ್ಚಿ ನೀವಿದವರು, ಮಾತ್ರೆ ಬರೆದುಕೊಟ್ಟವರು, ಮನೆದೇವರಿಗೆ ಹರಕೆ ಹೊತ್ತವರು, ವ್ಯಾಯಾಮ ಕಲಿಸಿದವರು ಎಲ್ಲರೂ ತಮ್ಮ ತಮ್ಮ ಪಾಲನ್ನು ಕೇಳುತ್ತಾರಾದರೂ, ಇವರೆಲ್ಲರಿಗಿಂತ ಹೆಚ್ಚು ಕೆಲಸ ಮಾಡಿರಬಹುದಾದ ಕಾಲ ಮಾತ್ರ ಏನನ್ನೂ ಕೇಳದೆ ಮುಂದೆ ಸಾಗುತ್ತದೆ. ಫಿಸಿಯೋಥೆರಪಿ, ಅಂದರೆ ವ್ಯಾಯಾಮ, ಶಾಖ, ವಿದ್ಯುತ್ ಮತ್ತು ಕೈಚಳಕಗಳ ನೆರವಿನಿಂದ ದೇಹದ ಚಲನೆಯನ್ನು ಮರಳಿ ದೊರಕಿಸುವ ಭೌತಚಿಕಿತ್ಸೆ, ಈ ವ್ಯಾಜ್ಯದಲ್ಲಿ ತಾನೂ ಒಬ್ಬ ಕಕ್ಷಿದಾರ. ಹೀಗಿರುವಾಗ ಭೌತಚಿಕಿತ್ಸೆಯ ಪದವಿಯ ಕೊನೆಯ ಘಟ್ಟದಲ್ಲಿ ವಿದ್ಯಾರ್ಥಿಯಿಂದ ಮಾಡಿಸುವ ಸಂಶೋಧನಾ ಪ್ರಾಜೆಕ್ಟು ಆತನನ್ನು ಸ್ವಲ್ಪ ಕಾಲದ ಮಟ್ಟಿಗಾದರೂ ಕಕ್ಷಿದಾರನ ಜಾಗದಿಂದ ಎಬ್ಬಿಸಿ ನ್ಯಾಯಾಧೀಶನ ಪೀಠದಲ್ಲಿ ಕೂರಿಸುವ ಏರ್ಪಾಡು ಎನ್ನಬಹುದು.

ಬೆಂಗಳೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಬಹುಕಾಲ ರೂಢಿಯಲ್ಲಿದ್ದ ಬಿ.ಪಿ.ಟಿ. ಎಂಬ ಭೌತಚಿಕಿತ್ಸಾ ಪದವಿಯೆಂದರೆ ನಾಲ್ಕು ವರ್ಷಗಳ ಓದು ಮತ್ತು ಅದರ ಮೇಲೆ ಆರು ತಿಂಗಳ ಇಂಟರ್ನ್‌ಶಿಪ್. ಮೊದಲ ವರ್ಷಗಳಲ್ಲಿ ಮೂಳೆ, ಸ್ನಾಯು, ನರಗಳ ಹೆಸರುಗಳನ್ನು ಬಾಯಿಪಾಠ ಮಾಡಿ, ಪುಸ್ತಕ ಹೇಳಿದ್ದನ್ನೆಲ್ಲ ನಂಬಿಕೊಂಡು ಬಂದ ವಿದ್ಯಾರ್ಥಿಗೆ ಕೊನೆಯಲ್ಲಿ ಹಠಾತ್ತನೆ ನಂಬದಿರುವುದನ್ನು ಕಲಿ ಎಂದು ಹೇಳಲಾಗುತ್ತದೆ. ವಿಷಯವೊಂದನ್ನು ಆರಿಸಿ, ಮಾರ್ಗದರ್ಶಕರ ಒಪ್ಪಿಗೆ ಪಡೆದು, ಸಿನಾಪ್ಸಿಸ್ ಎಂಬ ಸಂಕ್ಷಿಪ್ತ ಯೋಜನೆ ಬರೆದು, ನೈತಿಕ ಸಮಿತಿಯ ಮುಂದಿಟ್ಟು, ಮಾಹಿತಿ ಸಂಗ್ರಹಿಸಿ, ಸಂಖ್ಯಾಶಾಸ್ತ್ರಜ್ಞರ ಬಾಗಿಲು ಕಾದು, ಕಡೆಗೆ ರೆಕ್ಸಿನ್ ರಟ್ಟಿನ ಮೇಲೆ ಹೊಂಬಣ್ಣದ ಅಕ್ಷರ ಅಚ್ಚೊತ್ತಿಸಿದ ಪುಸ್ತಕವನ್ನು ಇಲಾಖೆಗೆ ಒಪ್ಪಿಸುವವರೆಗಿನ ಈ ಪಯಣದಲ್ಲಿ, ಇಡೀ ಕೃತಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ನೋಡುವ ಭಾಗ್ಯ ಅನೇಕ ವೇಳೆ ಡಿ.ಟಿ.ಪಿ. ಅಂಗಡಿಯವನೊಬ್ಬನಿಗೇ ಮೀಸಲಾಗಿರುತ್ತದೆ. ಆಮೇಲೆ ಆ ಪುಸ್ತಕ ಇಲಾಖೆಯ ಕಪಾಟು ಸೇರಿ, ಮುಂದಿನ ವರ್ಷದ ವಿದ್ಯಾರ್ಥಿ ಅಧ್ಯಾಯಗಳ ಅನುಕ್ರಮ ತಿಳಿಯಲು ತೆಗೆದು ನೋಡುವವರೆಗೆ ಅಲ್ಲಿಯೇ ಇರುತ್ತದೆ. ಇಷ್ಟೇ ಇದರ ಬಾಳಾಗಿದ್ದರೆ ಇದನ್ನು ಪರೀಕ್ಷಾ ಮಂಡಲಿಯ ಒಂದು ಆಚಾರವೆಂದು ಬಿಟ್ಟುಬಿಡಬಹುದಿತ್ತು. ಆದರೆ ಇದರ ನಿಜವಾದ ಫಲ ಕಪಾಟಿನಲ್ಲಿ ಉಳಿಯುವುದಲ್ಲ, ಬರೆದವನ ಬುದ್ಧಿಯಲ್ಲಿ ಉಳಿಯುವುದು.

ಈ ಮಾತನ್ನು ಪರೀಕ್ಷಿಸಲು ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಪಂಚನಹಳ್ಳಿಯಂಥ ಊರನ್ನು ಅಧ್ಯಯನದ ಕ್ಷೇತ್ರವಾಗಿ ಇಟ್ಟುಕೊಂಡು ಯೋಚಿಸುವುದು ಉಪಯುಕ್ತ. ಜಿಲ್ಲೆಯ ಹೆಸರು ಕೇಳಿದವರ ಮನಸ್ಸಿಗೆ ಕಾಫಿ ತೋಟ, ಮಲೆ, ಮಂಜು ಬರುವುದು ಸಹಜವಾದರೂ ಈ ಭಾಗ ಅಪ್ಪಟ ಬಯಲುಸೀಮೆಯಾಗಿದ್ದು, ಅರಸೀಕೆರೆ ತಿಪಟೂರುಗಳ ಕಡೆಯಂತೆ ಇಲ್ಲಿಯೂ ತೆಂಗು ಮತ್ತು ಕೊಬ್ಬರಿಯೇ ಬದುಕಿನ ಆಧಾರ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಸುಮಾರು ಹತ್ತು ಹನ್ನೆರಡು ತಿಂಗಳು ಕೂಡಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಗಡಗಡ ಎನ್ನುವ ಹದಕ್ಕೆ ಬಂದ ಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ಹೊರತೆಗೆಯುವ ಕೆಲಸ ನೋಡುವುದಕ್ಕೆ ಸರಳ, ದೇಹಕ್ಕೆ ಅಷ್ಟು ಸರಳವಲ್ಲ. ಸುಲಿಯುವವನು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಎರಡೂ ಕೈಯಿಂದ ಕುಕ್ಕಿ ತಿರುಚುವಾಗ ಪ್ರತಿಯೊಂದು ಕಾಯಿಗೂ ಅವನ ಬೆನ್ನು ಬಾಗಿ ಹೊರಳುತ್ತದೆ. ಒಡೆಯುವ ಹೆಂಗಸು ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ಕಾಯಿ, ಇನ್ನೊಂದು ಕೈಯಲ್ಲಿ ಮಚ್ಚು ಹಿಡಿದು ಚಿಪ್ಪನ್ನು ಬಡಿಯುತ್ತಲೇ ಇರುವಾಗ ಮಣಿಕಟ್ಟು, ಮೊಣಕೈ, ಕುತ್ತಿಗೆಗಳು ದಿನವಿಡೀ ಒಂದೇ ಚಲನೆಗೆ ಒಳಗಾಗುತ್ತವೆ. ಚಲನೆಯನ್ನೇ ಅಧ್ಯಯನ ಮಾಡುವ ಶಾಸ್ತ್ರಕ್ಕೆ ಇದಕ್ಕಿಂತ ಸಮೃದ್ಧವಾದ ಕ್ಷೇತ್ರ ಬೇರೆ ಬೇಕಿಲ್ಲ.

ಇಂಥ ಕ್ಷೇತ್ರವನ್ನು ಕಂಡ ವಿದ್ಯಾರ್ಥಿಯ ಮೊದಲ ಉತ್ಸಾಹ ಎಲ್ಲರ ಸೊಂಟನೋವನ್ನೂ ಒಂದೇ ಪ್ರಾಜೆಕ್ಟಿನಲ್ಲಿ ಪರಿಹರಿಸಿಬಿಡುವಷ್ಟು ದೊಡ್ಡದಾಗಿರುತ್ತದೆ; ಮಾರ್ಗದರ್ಶಕರ ಕೆಲಸವೆಂದರೆ ಆ ಉತ್ಸಾಹವನ್ನು ಉತ್ತರಿಸಬಹುದಾದ ಒಂದು ಪ್ರಶ್ನೆಯ ಗಾತ್ರಕ್ಕೆ ಇಳಿಸುವುದು. ಪ್ರಶ್ನೆ ಕಿರಿದಾದಷ್ಟೂ ಶೀರ್ಷಿಕೆ ಹಿರಿದಾಗುತ್ತ ಹೋಗಿ, ಯಾರಲ್ಲಿ, ಎಷ್ಟು ವಯಸ್ಸಿನವರಲ್ಲಿ, ಯಾವ ವ್ಯಾಯಾಮ, ಯಾವುದಕ್ಕೆ ಹೋಲಿಸಿ, ಯಾವುದರ ಮೇಲೆ ಪರಿಣಾಮ ಎಂಬುದೆಲ್ಲ ಅದರೊಳಗೆ ತುಂಬಿಕೊಂಡು, ಒಂದೇ ಉಸಿರಿಗೆ ಓದಲಾರದ ವಾಕ್ಯವೊಂದು ರಟ್ಟಿನ ಮೇಲೆ ಮೂಡುವುದು ಈ ಪ್ರಕಾರದ ಪುಸ್ತಕಗಳ ಲಕ್ಷಣ. ಚಿಕಿತ್ಸೆ ಏನನ್ನೂ ಕೊಡದೆ, ಇರುವುದನ್ನು ಎಣಿಸಿ ದಾಖಲಿಸುವುದಷ್ಟೇ ಉದ್ದೇಶವಾದರೆ ಅದು ಅಡ್ಡಛೇದ ಅಧ್ಯಯನ. ಅಂಥದ್ದಕ್ಕೆ 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ ಒದಗುತ್ತದೆ. ಅದು ದೇಹವನ್ನು ಕುತ್ತಿಗೆಯಿಂದ ಪಾದದವರೆಗೆ 9 ಭಾಗಗಳಾಗಿ ವಿಂಗಡಿಸಿ, ಕಳೆದ 12 ತಿಂಗಳಲ್ಲಿ ಮತ್ತು ಕಳೆದ 7 ದಿನಗಳಲ್ಲಿ ಎಲ್ಲೆಲ್ಲಿ ತೊಂದರೆ ಇತ್ತು ಎಂದು ಕೇಳುತ್ತದೆ. ಕೆಲಸದ ಭಂಗಿ ದೇಹಕ್ಕೆ ಎಷ್ಟು ಅಪಾಯಕರ ಎಂಬುದನ್ನು ಅಂಕಗಳಲ್ಲಿ ಹೇಳುವ ರೆಬಾ ಎಂಬ ವಿಧಾನ 2000ದಲ್ಲಿ ಬಂದಿದ್ದು, ಕಾಯಿ ಸುಲಿಯುವವನ ಬಾಗಿದ ಬೆನ್ನಿಗೂ ಅದನ್ನು ಅನ್ವಯಿಸಬಹುದು.

ಎಣಿಕೆಗಿಂತ ಅಳತೆ ಕಷ್ಟದ್ದು. ಮೊಣಕಾಲು ಎಷ್ಟು ಮಡಚುತ್ತದೆ ಎಂಬುದನ್ನು ಗೋನಿಯೋಮೀಟರ್ ಎಂಬ ಕೋನಮಾಪಕ ಡಿಗ್ರಿಗಳಲ್ಲಿ ಹೇಳಿಬಿಡುತ್ತದೆ, ಆದರೆ ನೋವನ್ನು ಅಳೆಯುವ ಉಪಕರಣ ನೋವುಂಡವರ ಬಾಯಿಯೇ ಹೊರತು ಬೇರೆ ಇಲ್ಲ. ಸೊನ್ನೆಯೆಂದರೆ ನೋವಿಲ್ಲ, ಹತ್ತೆಂದರೆ ತಡೆಯಲಾರದ ನೋವು ಎಂದು ವಿವರಿಸಿ ಒಂದು ಅಂಕಿ ಹೇಳಿಸುವುದು ಪುಸ್ತಕದ ಕ್ರಮ. ಬಯಲುಸೀಮೆಯ ಹಿರಿಯರಿಗೆ ಇದಕ್ಕೂ ಹಳೆಯದಾದ ಮಾನವೊಂದು ಗೊತ್ತಿದ್ದು, ಅವರು ಕೇಳದೆಯೇ ರೂಪಾಯಿಗೆ ಎಂಟಾಣೆ ವಾಸಿ, ಹನ್ನೆರಡಾಣೆ ವಾಸಿ ಎಂದು ಉತ್ತರಿಸುತ್ತಾರೆ. ನಾಣ್ಯವಾಗಿ ಆಣೆ ಚಲಾವಣೆಯಿಂದ ಹೋಗಿ ದಶಕಗಳೇ ಕಳೆದರೂ ಕಾಯಿಲೆಯ ಲೆಕ್ಕದಲ್ಲಿ ಅದು ಇನ್ನೂ ಸಲ್ಲುತ್ತಿದೆ. ಹತ್ತರ ಮಾನ ಈಗಿನ ನೋವೆಷ್ಟು ಎಂದು ಕೇಳಿದರೆ ಹದಿನಾರರ ಮಾನ ಮೊದಲಿಗಿಂತ ಎಷ್ಟು ಸುಧಾರಿಸಿತು ಎಂದು ಹೇಳುವುದರಿಂದ ಇವೆರಡೂ ಒಂದೇ ಅಲ್ಲ ಎಂಬುದನ್ನು ಗುರುತಿಸಿ, ಎರಡನ್ನೂ ಬೇರೆ ಬೇರೆ ಕಂಬಸಾಲುಗಳಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿ ಆಗಲೇ ಅರ್ಧ ಸಂಶೋಧಕನಾಗಿರುತ್ತಾನೆ.

ದಿನನಿತ್ಯದ ಚಟುವಟಿಕೆಗಳ ಪ್ರಶ್ನಾವಳಿಗಳು ತಂದೊಡ್ಡುವ ಇಕ್ಕಟ್ಟು ಇನ್ನೂ ಸ್ವಾರಸ್ಯಕರ. ಮೊಣಕಾಲಿನ ಸಂಧಿ ಸವೆತಕ್ಕೆ ಜಗತ್ತಿನಾದ್ಯಂತ ಬಳಸುವ ವೋಮ್ಯಾಕ್ ಎಂಬ ಮಾಪಕದಲ್ಲಿ ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ಚಟುವಟಿಕೆಯ ಬಗ್ಗೆ 17, ಒಟ್ಟು 24 ಪ್ರಶ್ನೆಗಳಿದ್ದು, ಕಾಲುಚೀಲ ಹಾಕಿಕೊಳ್ಳಲು, ಕಾರು ಹತ್ತಿ ಇಳಿಯಲು, ಸ್ನಾನದ ತೊಟ್ಟಿಗೆ ಇಳಿದು ಏಳಲು ಎಷ್ಟು ಕಷ್ಟವಾಗುತ್ತದೆ ಎಂಬ ವಿಚಾರಣೆಯೂ ಅದರಲ್ಲಿ ಸೇರಿದೆ. ಜನ್ಮದಲ್ಲಿ ಕಾಲುಚೀಲ ಹಾಕದ, ಸ್ನಾನವೆಂದರೆ ಹಂಡೆಯ ನೀರು ಮತ್ತು ಚೊಂಬು ಎಂದಷ್ಟೇ ಬಲ್ಲ ಅಜ್ಜಿಗೆ ಆ ಕೆಲಸಗಳಲ್ಲಿ ಯಾವ ಕಷ್ಟವೂ ಇಲ್ಲ, ಏಕೆಂದರೆ ಆ ಕೆಲಸಗಳೇ ಇಲ್ಲ. ಹಾಗೆಂದು ಸೊನ್ನೆ ಬರೆದರೆ ಕಾಗದದ ಮೇಲೆ ಆಕೆಯ ಮೊಣಕಾಲು ಇರುವುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಆಕೆಗೆ ನಿಜವಾಗಿ ಕಷ್ಟ ಕೊಡುವ ಕೆಲಸಗಳು, ಅಂದರೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತೇಳುವುದು, ಬಯಲಿಗೆ ಹೋಗಿಬರುವುದು, ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಆದ್ದರಿಂದಲೇ ಮಾಪಕವೊಂದನ್ನು ಸ್ಥಳೀಯ ಬದುಕಿಗೆ ಒಗ್ಗಿಸಿ, ಹಾಗೆ ಒಗ್ಗಿಸಿದ ಮೇಲೂ ಅದು ಅಳೆಯಬೇಕಾದದ್ದನ್ನೇ ಅಳೆಯುತ್ತದೆಯೇ ಎಂದು ಪರೀಕ್ಷಿಸುವುದು ತಾನೇ ಒಂದು ಸ್ವತಂತ್ರ ಸಂಶೋಧನೆ ಎನಿಸಿಕೊಂಡಿದೆ.

ಇಷ್ಟೆಲ್ಲ ಅಳತೆ ಮುಗಿದ ಮೇಲೆ ಯಶಸ್ಸಿನ ಪಾಲು ಹಂಚುವ ಮೂಲ ವ್ಯಾಜ್ಯ ಎದುರಾಗುತ್ತದೆ. ಮೂವತ್ತು ಜನರಿಗೆ ನಾಲ್ಕು ವಾರ ವ್ಯಾಯಾಮ ಕಲಿಸಿ, ಮೊದಲು ಏಳು ಇದ್ದ ನೋವು ಕೊನೆಗೆ ಮೂರಕ್ಕೆ ಇಳಿಯಿತೆಂದು ತೋರಿಸಿದರೆ ಅದು ವ್ಯಾಯಾಮದ ಗೆಲುವೆಂದು ಹೇಳುವುದು ಸುಲಭ. ಆದರೆ ಜನರು ಸಾಮಾನ್ಯವಾಗಿ ಚಿಕಿತ್ಸೆಗೆ ಬರುವುದೇ ನೋವು ಶಿಖರ ಮುಟ್ಟಿದ ದಿನ. ಏರಿದ್ದು ಏನೂ ಮಾಡದಿದ್ದರೂ ಸ್ವಲ್ಪ ಇಳಿದೇ ಇಳಿಯುತ್ತದೆ ಎಂಬುದನ್ನು ಸಂಖ್ಯಾಶಾಸ್ತ್ರ ಸರಾಸರಿಯತ್ತ ಮರಳುವಿಕೆ ಎಂದು ಕರೆಯುತ್ತದೆ. ಹೊಸದಾಗಿ ಬಂದ ಸೊಂಟನೋವಂತೂ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಗಣನೀಯವಾಗಿ ತಗ್ಗುತ್ತದೆ. ಊರಿನಲ್ಲಿ ಎಣ್ಣೆ ನೀವಿ ನೆಟಿಗೆ ತೆಗೆಯುವವರ ಕೀರ್ತಿ ನಿಂತಿರುವುದು ಬಹುಮಟ್ಟಿಗೆ ಈ ಇಳಿತದ ಮೇಲೆ ಎಂದು ವಿದ್ಯಾರ್ಥಿ ಮುಗುಳ್ನಗುವುದು ಸರಿಯೇ, ಆದರೆ ಹೋಲಿಕೆಯ ಗುಂಪಿಲ್ಲದ ತನ್ನ ಪ್ರಾಜೆಕ್ಟಿನ ಕೀರ್ತಿಯೂ ಅದೇ ನೆಲದ ಮೇಲೆ ನಿಂತಿದೆ ಎಂಬುದು ಹೊಳೆದಾಗ ಆ ನಗೆ ಅಷ್ಟು ನಿರಾಯಾಸವಾಗಿ ಉಳಿಯುವುದಿಲ್ಲ. ಅದಕ್ಕಾಗಿಯೇ ಇನ್ನೊಂದು ಗುಂಪು ಬೇಕು, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಬಿಡಬೇಕು, ಮತ್ತು ಅಳೆಯುವವರಿಗೆ ಯಾರು ಯಾವ ಗುಂಪಿನವರೆಂಬುದು ಗೊತ್ತಿರಬಾರದು. ಮಾತ್ರೆಯ ಪ್ರಯೋಗದಲ್ಲಿ ಸಕ್ಕರೆ ಗುಳಿಗೆ ಕೊಟ್ಟು ರೋಗಿಯಿಂದಲೂ ಮರೆಮಾಚಬಹುದು. ತಾನು ವ್ಯಾಯಾಮ ಮಾಡುತ್ತಿರುವೆನೆಂದು ರೋಗಿಗೆ ಗೊತ್ತಾಗದಂತೆ ವ್ಯಾಯಾಮ ಮಾಡಿಸುವ ಉಪಾಯ ಮಾತ್ರ ಇಲ್ಲದಿರುವುದರಿಂದ ಭೌತಚಿಕಿತ್ಸೆಯ ಪುರಾವೆಗೆ ಈ ತೊಡಕು ಹುಟ್ಟಿನಿಂದಲೇ ಅಂಟಿಕೊಂಡಿದೆ.

ಚಿಕ್ಕ ಸಂಖ್ಯೆಯಿಂದ ದೊಡ್ಡ ಮಾತಾಡುವ ಅಪಾಯಕ್ಕೆ ಮದ್ದು ಹುಡುಕಿದವರು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗೊಸೆಟ್. ಅವರು 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನದಿಂದ ಬೆಳೆದ, ಸರಾಸರಿಗಳ ವ್ಯತ್ಯಾಸವನ್ನು ತೂಗುವ ಟಿ-ಪರೀಕ್ಷೆ ಇಂದಿಗೂ ಇಂಥ ಪ್ರಾಜೆಕ್ಟುಗಳ ಫಲಿತಾಂಶದ ಅಧ್ಯಾಯವನ್ನು ಆಳುತ್ತಿದೆ. ರೊನಾಲ್ಡ್ ಫಿಶರ್ 1925ರ ತಮ್ಮ ಗ್ರಂಥದಲ್ಲಿ ಇಂಥ ವ್ಯತ್ಯಾಸ ಬರಿಯ ಆಕಸ್ಮಿಕದಿಂದ ಕಾಣುವ ಸಂಭವನೀಯತೆಗೆ ಅನುಕೂಲಕ್ಕೆಂದು ಸೂಚಿಸಿದ 0.05 ಎಂಬ ಗೆರೆ ಅನಂತರ ಪವಿತ್ರವಾಗಿ, ಅದರ ಕೆಳಗೆ ಬಂದರೆ ಸಂಭ್ರಮ, ಮೇಲೆ ಹೋದರೆ ಸೂತಕ ಎಂಬ ವಾತಾವರಣ ಹುಟ್ಟಿಕೊಂಡಿದೆ. ಎರಡು ವ್ಯಾಯಾಮಗಳಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂಬುದೂ ಒಂದು ಉತ್ತರವೇ. ಅಗ್ಗವಾದ, ಮನೆಯಲ್ಲೇ ಮಾಡಬಹುದಾದ ವ್ಯಾಯಾಮ ಯಂತ್ರದ ಚಿಕಿತ್ಸೆಗಿಂತ ಕಡಿಮೆಯಲ್ಲ ಎಂದು ಸರಿಯಾಗಿ ವಿನ್ಯಾಸಗೊಂಡ ಅಧ್ಯಯನ ತೋರಿಸಿದರೆ ಪಟ್ಟಣಕ್ಕೆ ಬಸ್ಸು ಹತ್ತಿ ಬರಬೇಕಾದ ಪಂಚನಹಳ್ಳಿಯ ರೋಗಿಗೆ ಅದಕ್ಕಿಂತ ಲಾಭದ ಸುದ್ದಿ ಇಲ್ಲ.

ಬಸ್ಸಿನ ಮಾತು ಬಂದಾಗ ಕೂಲಿಯ ಮಾತೂ ಬರಬೇಕು. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ 1964ರ ಹೆಲ್ಸಿಂಕಿ ಘೋಷಣೆಯೂ, ಭಾರತದಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ವಿಧಿಸಿರುವ ಮುಖ್ಯ ನಿಯಮ ತಿಳಿದು ಕೊಟ್ಟ ಒಪ್ಪಿಗೆ, ಅಂದರೆ ಉದ್ದೇಶ, ಲಾಭ, ತೊಂದರೆಗಳನ್ನು ಅರ್ಥವಾಗುವ ಭಾಷೆಯಲ್ಲಿ ಕೇಳಿಸಿಕೊಂಡು, ಬೇಡವೆನ್ನುವ ಸ್ವಾತಂತ್ರ್ಯವಿದ್ದೂ ಒಪ್ಪುವುದು. ಓದು ಬಾರದವರು ಸಾಕ್ಷಿಯ ಎದುರಿನಲ್ಲಿ ಹೆಬ್ಬೆಟ್ಟು ಒತ್ತಬಹುದು. ಆದರೆ ಕೊಬ್ಬರಿ ಒಡೆಯುವ ಕೆಲಸ ಭರದಿಂದ ಸಾಗಿರುವಾಗ ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಬಾ ಎಂದರೆ ಆ ದಿನಗಳ ಕೂಲಿಯ ಪ್ರಶ್ನೆ ನಮೂನೆಯ ಯಾವ ಅಂಕಣದಲ್ಲಿಯೂ ಇರುವುದಿಲ್ಲ. ವಾಸಿಯಾದವಳು ಇನ್ನೇಕೆ ಎಂದು ಬರುವುದಿಲ್ಲ, ವಾಸಿಯಾಗದವಳು ಏನು ಫಲ ಎಂದು ಬರುವುದಿಲ್ಲ. ಕೊನೆಯವರೆಗೂ ಉಳಿದವರನ್ನಷ್ಟೇ ಎಣಿಸಿದರೆ ಫಲಿತಾಂಶ ಯಾರದೆಂದು ಹೇಳುವುದು ಕಷ್ಟ. ಬಿಟ್ಟುಹೋದವರನ್ನೂ ಮೊದಲು ಹಂಚಿದ ಗುಂಪಿನಲ್ಲಿಯೇ ಇಟ್ಟು ಲೆಕ್ಕ ಹಾಕಬೇಕೆಂಬ ನಿಯಮ ಹುಟ್ಟಿದ್ದು ಈ ಕಾರಣಕ್ಕೆ.

ಪುಸ್ತಕದ ಕೊನೆಯಲ್ಲಿ ಮಿತಿಗಳು ಎಂಬ ಪುಟವೊಂದಿದ್ದು, ಭಾಗವಹಿಸಿದವರ ಸಂಖ್ಯೆ ಚಿಕ್ಕದು, ಸ್ಥಳ ಒಂದೇ, ಅವಧಿ ಅಲ್ಪ ಎಂಬ ಮೂರು ವಾಕ್ಯಗಳು ಹಿರಿಯರ ಪ್ರತಿಯಿಂದ ಕಿರಿಯರ ಪ್ರತಿಗೆ ಪರಂಪರಾಗತವಾಗಿ ಇಳಿದುಬರುತ್ತವೆ. ನಕಲು ಮಾಡಿದರೂ ನಿಜವಾಗಿಯೇ ಉಳಿಯುವ ವಾಕ್ಯಗಳು ಇಡೀ ಪುಸ್ತಕದಲ್ಲಿ ಪ್ರಾಯಶಃ ಇವು ಮಾತ್ರ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅಲ್ಲಿಯೇ ಬೆರಳಿಟ್ಟು, ಹಾಗಾದರೆ ನಿಮ್ಮ ತೀರ್ಮಾನವನ್ನು ಎಷ್ಟರಮಟ್ಟಿಗೆ ನಂಬಬೇಕು ಎಂದು ಕೇಳಿದಾಗ, ಪೂರ್ತಿ ನಂಬಿ ಎನ್ನುವವರಿಗೂ ನಂಬಲೇಬೇಡಿ ಎನ್ನುವವರಿಗೂ ಪಾಠ ಆಗಿಲ್ಲ; ಎಷ್ಟು ಮತ್ತು ಏಕೆ ಎಂದು ವಿವರಿಸಬಲ್ಲವರಿಗೆ ಆಗಿದೆ.

ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಭೌತಚಿಕಿತ್ಸಕರಿಗೆ ದೇಶಮಟ್ಟದ ಕಾನೂನಿನ ಮನ್ನಣೆ ತಂದಿದ್ದು, ವೃತ್ತಿ ತನ್ನ ಕಾಲ ಮೇಲೆ ನಿಲ್ಲುವ ಮಾತು ಈಗ ಬಲವಾಗಿ ಕೇಳಿಬರುತ್ತಿದೆ. ಸ್ವತಂತ್ರವಾಗಿ ಪರೀಕ್ಷಿಸಿ ಚಿಕಿತ್ಸೆ ನೀಡುವ ಹಕ್ಕನ್ನು ಕೇಳುವವರು ಆ ಚಿಕಿತ್ಸೆಯಿಂದಲೇ ಗುಣವಾಯಿತೆಂದು ತೋರಿಸುವ ಹೊಣೆಯನ್ನೂ ಹೊರಬೇಕಾಗುತ್ತದೆ. ನಾಳೆ ಕಡೂರಿನಲ್ಲೋ ಅರಸೀಕೆರೆಯಲ್ಲೋ ಚಿಕಿತ್ಸಾಲಯ ತೆರೆಯುವ ಪದವೀಧರೆಯ ಬಳಿ ಮೂವತ್ತು ಜನರ ಗುಂಪಾಗಲಿ, ಟಿ-ಪರೀಕ್ಷೆಯಾಗಲಿ ಇರುವುದಿಲ್ಲ, ಒಬ್ಬೊಬ್ಬರಾಗಿ ಬರುವ ರೋಗಿಗಳಿರುತ್ತಾರೆ. ಮೊದಲ ದಿನವೂ ಕೊನೆಯ ದಿನವೂ ಒಂದೇ ಮಾನದಿಂದ ಅಳೆದು ಬರೆದಿಡುವ, ಬಾರದೆ ಹೋದವರನ್ನು ಗುಣವಾದವರ ಪಟ್ಟಿಗೆ ಸೇರಿಸದ, ನಿಮ್ಮ ಕೈಗುಣದಿಂದಲೇ ವಾಸಿಯಾಯಿತು ಎಂದವರಿಗೆ ಅದರಲ್ಲಿ ದಿನಗಳ ಪಾಲೂ ಇದೆ, ನೀವು ಬಿಡದೆ ಮಾಡಿದ ವ್ಯಾಯಾಮದ ಪಾಲೂ ಇದೆ ಎಂದು ಹೇಳುವ ಅಭ್ಯಾಸವನ್ನು ಆಕೆ ಉಳಿಸಿಕೊಂಡರೆ, ಕಪಾಟಿನಲ್ಲಿರುವ ರೆಕ್ಸಿನ್ ಪುಸ್ತಕವನ್ನು ಮತ್ತೆ ಯಾರೂ ತೆರೆಯದಿದ್ದರೂ ಪ್ರಾಜೆಕ್ಟು ಪೂರ್ಣಗೊಂಡಂತೆಯೇ.