ವಾಸನೆ ಬರುವುದೆಲ್ಲ ಒಳಗೆ

ಈ ಸಲ ಯೊಸೆಮಿಟಿಯಲ್ಲಿ ನಮ್ಮ ಸಾಮಾನೆಲ್ಲ ಒಂದೇ ಏಟಿಗೆ ಪೆಟ್ಟಿಗೆಯೊಳಗೆ ಕೂತಿತು. ಅಲ್ಲಿನ ಕ್ಯಾಂಪ್‌ಗ್ರೌಂಡ್ ಅಪ್ಪರ್ ಪೈನ್ಸ್‌ನಲ್ಲಿ ಪ್ರತಿ ಬಿಡಾರಕ್ಕೂ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದಲ್ಲ, ಕರಡಿಯ ಕೈಗೆ ತಿಂಡಿ ಸಿಗದಿರಲಿ ಎಂದು: 45 ಇಂಚು ಅಗಲ, 33 ಇಂಚು ಆಳ, ಎತ್ತರ ಬರೀ 18. ಆರು ಜನರ ಮೂರು ದಿನದ ದಿನಸಿಯನ್ನು ಅದರಲ್ಲಿ ಹಿಡಿಸುವುದು ನನಗೆ ಟೆಂಟ್ ಹೊಡೆಯುವುದಕ್ಕಿಂತ ಇಷ್ಟದ ಕೆಲಸ. ದೊಡ್ಡ ಡಬ್ಬಿಗಳು ಹಿಂದಕ್ಕೆ, ಬೆಳಗಿನ ಉಪ್ಪಿಟ್ಟಿನ ರವೆ ಮುಂದಕ್ಕೆ, ಸಂದಿಗೊಂದಿಗೆಲ್ಲ ಈರುಳ್ಳಿ. ಕೊನೆಗೆ ಬಾಗಿಲ ಪಕ್ಕ ಒಂದು ಬಟ್ಟೆ ಚೀಲ. ಅದರಲ್ಲಿ ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ, ಉದುಬತ್ತಿ. ವಾಸನೆ ಬರುವುದೆಲ್ಲ ಒಳಗೆ.

ಈ ಚೀಲದ ವಿಷಯಕ್ಕೇ ಜೊತೆಯವರೊಡನೆ ನನ್ನ ಜಗಳ. "ನಮ್ಮದು ಸಸ್ಯಾಹಾರ, ಕರಡಿ ಯಾಕೆ ಬರುತ್ತೆ?" ಅನ್ನುತ್ತಾರೆ. ಅಲ್ಲಿನ ಕರಿ ಕರಡಿಯ ಊಟವೂ ಬಹುಪಾಲು ಹುಲ್ಲು, ಹಣ್ಣು, ಓಕ್ ಮರದ ಕಾಯಿಯೇ! ಕಾರಿನಲ್ಲಿ ಚಕ್ಕುಲಿ ಬಿಟ್ಟು ನೆಮ್ಮದಿಯಾಗಿ ಮಲಗುತ್ತಾರೆ. 1998ರಲ್ಲಿ ಈ ಪಾರ್ಕಿನಲ್ಲಿ ಕರಡಿ ಹಾವಳಿಯ ಪ್ರಕರಣಗಳು 1,500 ದಾಟಿದ್ದವು. ಎಷ್ಟೋ ಕಾರುಗಳ ಬಾಗಿಲು ಕಿತ್ತುಬಂದಿತ್ತು. ಕಾರು ರಿಪೇರಿಯಾಗುತ್ತದೆ. ನಮ್ಮ ಊಟದ ರುಚಿ ಹತ್ತಿ, ಜನರ ಭಯ ಬಿಟ್ಟ ಕರಡಿಯನ್ನು ಎಷ್ಟೋ ಸಲ ಕೊಲ್ಲಬೇಕಾಗಿ ಬರುತ್ತದೆ. ಒಂದು ಪೊಟ್ಟಣ ಚಕ್ಕುಲಿಗೆ ಒಂದು ಜೀವ. ನೆನೆದರೆ ಮೈ ಉರಿಯುತ್ತದೆ.

ಈ ಸಲ ಊರಿಂದ ಅಮ್ಮ ಬಂದಿದ್ದರು. ಚಿತ್ರದುರ್ಗದವರು, ಕರಡಿ ಎಂದರೆ ಅವರಿಗೆ ಬಂಡೆಗುಡ್ಡದಿಂದಿಳಿದು ಹುತ್ತ ಅಗೆಯುವ, ಎದುರಾದವರ ಮೇಲೆ ಬೀಳುವ ಪ್ರಾಣಿ. ಬೆಳಕು ಹರಿಯುವ ಮೊದಲೇ ಬೆಂಚಿನ ಮೇಲೆ ಕೂತು, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದರು. ಮುಗಿಸಿ ಮೇಜಿನ ಕಡೆ ತಿರುಗಿದವರೇ ಕೂಗಿದರು:

"ಕರಡಿಗೆ! ಅಯ್ಯೋ, ಕರಡಿಗೆ!"

ಪಕ್ಕದ ಟೆಂಟಿನ ಮಂಗಳೂರಿನ ಗೆಳೆಯ ಬಾಣಲೆಗೆ ಸೌಟು ಬಡಿಯುತ್ತಲೇ ಹೊರಬಂದ. ಲಿಂಗ ಇಡುವ ಕರಡಿಗೆಯ ಹೆಸರು ಅವನ ಕಿವಿಗೆ ಬಿದ್ದಿರಲಿಲ್ಲ.

"ಎಲ್ಲುಂಟು ಅಮ್ಮಾ?"

"ಈಗ ಇಲ್ಲೇ ಮೇಜಿನ ಮೇಲಿತ್ತಪ್ಪ. ಬೆಳ್ಳೀದು!"

"ಬಿಳೀದಾ? ಎಷ್ಟು ದೊಡ್ಡದುಂಟು?"

"ದೊಡ್ಡದೇನಲ್ಲ, ಪುಟ್ಟದು."

"ಮರಿಯಾ! ಹಾಗಾದರೆ ತಾಯಿ ಇಲ್ಲೇ ಎಲ್ಲಿಯೋ ಉಂಟು!"

"ತಾಯೀದೇ ಕಣಪ್ಪ, ನಮ್ಮ ತಾಯಿ ಕೊಟ್ಟಿದ್ದು!"

ನಾನು ನೀರು ಹಿಡಿದುಕೊಂಡು ಬರುವಷ್ಟರಲ್ಲಿ ಸುತ್ತಲಿನ ಬಿಡಾರದವರೆಲ್ಲ ಪಾತ್ರೆ ಬಡಿಯುತ್ತಿದ್ದರು. ಕರಡಿ ಬಿಡಾರಕ್ಕೆ ನುಗ್ಗಿದರೆ ಸದ್ದು ಮಾಡಿ ಓಡಿಸಿ ಎಂದು ಪಾರ್ಕಿನವರು ಹೇಳುತ್ತಲೇ ಇರುತ್ತಾರೆ; ಅಷ್ಟೊಂದು ಜನ ಅಷ್ಟು ಮನಸ್ಸಿಟ್ಟು ಅದನ್ನು ಪಾಲಿಸಿದ್ದು ಕಂಡು ಖುಷಿಯಾಯಿತು. ಪೆಟ್ಟಿಗೆಯ ಚಿಲಕ ತೆಗೆದು ಬಟ್ಟೆ ಚೀಲಕ್ಕೆ ಕೈ ಹಾಕಿದೆ. ವಿಭೂತಿ, ಉದುಬತ್ತಿಯ ಘಮ ಹಿಡಿದಿತ್ತಲ್ಲ, ಮೇಜು ಖಾಲಿ ಮಾಡುವಾಗ ಅದನ್ನೂ ಒಳಗೆ ಸೇರಿಸಿದ್ದೆ. ಈಗಲೂ ಹೇಳುತ್ತೇನೆ, ಮಾಡಿದ್ದು ಸರಿಯೇ.

ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ, ಲಿಂಗವನ್ನು ಒಳಗಿಟ್ಟು, ಮುಚ್ಚಳ ಹಾಕಿದರು.

"ಅಲ್ವೋ, ಕರಡಿಗೆ ಯಾಕೋ ಕರಡಿಗೆ?"